ಇದು ಅಭ್ಯಾಸ ಮಾತ್ರ

ಅಂಗಿಯ ಎರಡನೆಯ ಗುಂಡಿಯನ್ನು ಅವಳು ಬಿಗಿಯಾಗಿ ಹೊಲಿಯುತ್ತಿದ್ದಳು. ನೆರವು ಸಂಸ್ಥೆಯ ನೀಲಿ ಅಂಗಿ. ಇನ್ನು ಸ್ವಲ್ಪ ಹೊತ್ತಿಗೆ ಗಂಡನಿಗೆ ತೊಡಿಸಬೇಕು.

"ಈಗ ಗುಂಡಿ ಯಾರು ನೋಡ್ತಾರೆ ಅತ್ತಿಗೆ? ಗಾಡಿ ಬರೋ ಹೊತ್ತಾಯ್ತು," ಎಂದ ಮೈದುನ.

"ಬರಲಿ ಬಿಡಪ್ಪ. ಎದೆ ಬಿಟ್ಕೊಂಡು ಹೊಸಿಲು ದಾಟಿದ ಮನುಷ್ಯ ಅಲ್ಲ ಅವರು."

ನಡುಮನೆಯಲ್ಲಿ ಅವನನ್ನು ಮಲಗಿಸಿದ್ದರು. ಸಂಸ್ಥೆಯ ಶಾಖೆ ಶಾಖೆಗಳಿಂದ ಬಂದವರು ಅಂಗಳದ ತುಂಬ ನಿಂತಿದ್ದರು. ನೆರೆ ಬಂದರೆ ಯಾರು ಎತ್ತ ಓಡಬೇಕೆಂದು ಬೀದಿಬೀದಿಗೆ ಕಲಿಸುವುದು ಅವನ ಕೆಲಸ. ಕೈಮೈಕು ಬಿಟ್ಟು ಓಡಾಡಿದವನಲ್ಲ. ಮಕ್ಕಳ ಬಾಯಲ್ಲಿ ಮೈಕಪ್ಪ.

"ಹೆಂಡ್ತಿ ಹತ್ರ ಚಹಾ ಕೇಳೋದೂ ಮೈಕಲ್ಲೇ ಅಂತ ರೇಗಿಸ್ತಿದ್ವಿ," ಎಂದ ಜೀಪಿನ ಚಾಲಕ.

ಶಾಖೆಯ ಮೇಡಂ ಅವಳ ಪಕ್ಕ ಬಂದು ಕುಳಿತರು. "ಅಮ್ಮ, ಆ ಪತ್ರ... ಎಲ್ಲಾ ಶಾಖೆಗೂ ಕಳಿಸಿ ಅಂತ ಅವರು ಕೊಟ್ಟು ವರ್ಷಗಳಾದ್ವು. ನೀವು ಬೇಡ ಅಂದ್ರಿ, ನಾನೂ ಸುಮ್ಮನಾದೆ. ಈಗೇನು ಮಾಡ್ಲಿ?"

"ಈಗಂತೂ ಬೇಡವೇ ಬೇಡ!" ಮೈದುನ ತಿರುಗಿಬಿದ್ದ. "ಸತ್ತವನ ಮೇಲೆ ಕೆಸರೆರಚ್ತೀರಾ?"

ಅವಳು ಹಲ್ಲಿನಿಂದ ದಾರ ಕಡಿದಳು.

*

ತಾಲೀಮಿನ ದಿನ ಜನ ಗಾಬರಿಯಾಗಬಾರದೆಂದು ಮೊದಲು ಹೇಳಲೇಬೇಕಾದ ಮಾತೊಂದಿತ್ತು: "ಗಮನಿಸಿ, ಇದು ಅಭ್ಯಾಸ ಮಾತ್ರ." ಹೇಳಿ ಹೇಳಿ ಅವನಿಗೆ ನಿದ್ದೆಯಲ್ಲೂ ಅದೇ ಕನವರಿಕೆ. ಒಂದು ಸಂಜೆ ಹೊಳೆಯ ಒಡ್ಡು ನಿಜವಾಗಿಯೇ ಒಡೆಯಿತು. ಎಲ್ಲರಿಗಿಂತ ಮೊದಲು ಓಡಿ ಮೈಕು ಹಿಡಿದವನ ಬಾಯಿಂದ ಬಂದದ್ದೂ ಅದೇ: "ಗಮನಿಸಿ, ಇದು ಅಭ್ಯಾಸ ಮಾತ್ರ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. "ಅಲ್ಲ, ಅಲ್ಲ, ನಿಜ! ಓಡಿ!" ಎಂದು ಮರುಗಳಿಗೆಯೇ ಕಿರುಚಿದ. ಬೀದಿಗೆ ಬೀದಿಯೇ ಓಡಿತು. ಕೊನೆಯ ಮನೆಯ ಸೈಕಲ್ ರಿಪೇರಿಯವನ ಹೆಂಡತಿ ಮಾತ್ರ ಮೊದಲ ಮಾತು ಕೇಳಿದವಳೇ ಬಾಗಿಲು ಹಾಕಿಕೊಂಡಿದ್ದಳು.

ನೀರಿಳಿದು ಅವಳ ಹೆಣ ಸಿಕ್ಕ ಮೇಲೆ ಅವನು ಪತ್ರ ಬರೆದ. ತಾಲೀಮಿಗೆ ಒಬ್ಬನ ಬಾಯಿ, ನಿಜಕ್ಕೆ ಇನ್ನೊಬ್ಬನ ಬಾಯಿ ಇರಲಿ. ನನ್ನ ತಪ್ಪನ್ನು ಹೆಸರು ಸಮೇತ ಎಲ್ಲರಿಗೂ ತಿಳಿಸಿ ಎಂದು. ಜನ ಕಲ್ಲು ಹೊಡೆದಾರೆಂದು ಅವಳು ಮೇಡಂ ಕಾಲು ಹಿಡಿದು ತಡೆದಳು. ಅಂದಿನಿಂದ ಅವನ ಮಾತೆಲ್ಲ "ನಿಜವಾಗ್ಲೂ" ಎಂದೇ ಶುರು. ನಿಜವಾಗ್ಲೂ ಹಸಿವಾಗಿದೆ. ನಿಜವಾಗ್ಲೂ ಹೊರಗೆ ಯಾರೋ ಬಂದಿದ್ದಾರೆ. ನಿನ್ನೆ ಗೋಡೆಗೊರಗಿ ಕುಳಿತು, "ನಿಜವಾಗ್ಲೂ ನೋಯ್ತಿದೆ ಕಣೇ," ಎಂದ. ಅಷ್ಟೇ.

*

ಅಂಗಿ ತೊಡಿಸಿ ಮುಗಿಯುವಾಗ ಬಾಗಿಲಲ್ಲಿ ಸೈಕಲ್ ರಿಪೇರಿಯವನು ನಿಂತಿದ್ದ. ಮೈದುನ ಅಡ್ಡ ಹೋದ. "ಇವತ್ತೊಂದಿನ ಜಗಳ ಬೇಡ ಮಾರಾಯ."

"ಜಗಳ ಎಲ್ಲಿಂದ ತರ್ಲಿ? ವಾರ ವಾರ ಅಂಗಡಿ ಮುಂದೆ ಬಂದು ಕೂರೋರು. ನಾನು ಬಯ್ಯೋದು, ಅವರು ಕೇಳೋದು. ಬೈದೂ ಬೈದೂ ನಂಗೇ ಬಾಯಿ ಸೋತು ಹೋಯ್ತು. ಆಮೇಲೆ ಇಬ್ರೂ ಸುಮ್ನೆ ಕೂತಿರ್ತಿದ್ವಿ." ಅವಳತ್ತ ತಿರುಗಿದ. "ಅಕ್ಕ, ನನ್ನ ಮಗಳನ್ನ ಹೊಳೆ ಕೆಳಗಿನ ಊರಿಗೆ ಕೊಟ್ಟಿದೀನಿ. ಅಲ್ಲೂ ಒಬ್ಬನೇ ಮನುಷ್ಯ, ಒಂದೇ ಮೈಕು, ಅದೇ ಮಾತು. ಯಾವುದನ್ನ ನಂಬು ಅಂತ ಅವಳಿಗೆ ಹೇಳ್ಲಿ?"

ಅವಳು ಗಂಡನ ಮುಚ್ಚಿದ ತುಟಿಗಳನ್ನು ನೋಡುತ್ತ ಕುಳಿತಳು.

"ಮೇಡಂ, ಕಳಿಸಿಬಿಡಿ."

"ಹೆಸರು ತೆಗೆದು ಕಳಿಸ್ಲಾ ಅಮ್ಮ?"

"ಬೇಡ. ಹೆಸರಿಲ್ದಿದ್ರೆ ಯಾರೋ ದಡ್ಡ ಮಾಡಿದ್ದು ಅಂದ್ಕೊಂಡು ಬಿಟ್ಟುಬಿಡ್ತಾರೆ. ಇವರ ಬಾಯೇ ತಪ್ಪಿತು ಅಂತ ಗೊತ್ತಾಗ್ಲಿ. ಇರ್ಲಿ ಹೆಸರು."

ಮೈದುನ ಗೋಡೆಯ ಕಡೆ ಮುಖ ತಿರುಗಿಸಿ ಬಿಕ್ಕಿದ.

ಮೇಡಂ ಫೋನಿನಲ್ಲಿ ಪತ್ರ ಹುಡುಕಿ ಬೆರಳು ಒತ್ತಿದರು. ಅಂಗಳದಲ್ಲಿ ಯಾರದೋ ಜೇಬು ಗುಂಯ್ ಎಂದಿತು. ಮತ್ತೊಂದು. ಆಮೇಲೆ ಗೇಟಿನವರೆಗೂ ಒಂದೊಂದಾಗಿ. ಗಾಡಿ ಬಂದು ಬಾಗಿಲು ತೆರೆದು ನಿಂತಿತ್ತು. ಹೆಗಲು ಕೊಡಬೇಕಾದವರೆಲ್ಲ ತಲೆ ತಗ್ಗಿಸಿ ಓದುತ್ತ ನಿಂತಿದ್ದರು.