ಕಾಗದದ ಆರೋಗ್ಯ

“ಕೆಮ್ಮೋದಾದ್ರೆ ಆಚೆ ಹೋಗಿ ಕೆಮ್ಮಿ ಸಾಯಿ, ದರಿದ್ರದವಳೇ! ಇದೇನು ನಿಮ್ಮಪ್ಪನ ಮನೆ ಕಕ್ಕಸು ಅಂದ್ಕೊಂಡ್ಯಾ?”

ದಾಖಲೆ ಅಧಿಕಾರಿ ಕೂಗಿದ ರಭಸಕ್ಕೆ ಅವನ ಕನ್ನಡಕವೇ ಮೂಗಿನ ತುದಿಗೆ ಜಾರಿತು. ಉಸಿರು ಕಟ್ಟಿ ಮಾಸ್ಕನ್ನು ಗಲ್ಲಕ್ಕಿಳಿಸಿದ್ದ ಅಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಬಾಯಿಯ ದಾರಿ ಮುಚ್ಚಿದ್ದೇ ತಡ, ಕೆಮ್ಮು ಮೈಯನ್ನೆಲ್ಲ ಕುಲುಕಿಸಿ ಬೆರಳ ಸಂದಿಯಿಂದ ಹೊರಬಿತ್ತು. ತೆರೆದಿಟ್ಟ ಫೈಲಿನ ಮೇಲೆ ಒಂದು ಹನಿ.

“ಹೋಯ್ತು! ಮುಗೀತು! ಯಾರ ಫೈಲು ಇದು, ಗೊತ್ತೇನೇ?”

“ದೊಡ್ಡ ಸಾಹೇಬ್ರದು, ಸಾರ್.”

ವಿಶ್ವವಿದ್ಯಾಲಯದ ಗ್ರಂಥಾಲಯಗಳನ್ನೆಲ್ಲ ಬಹುಕಾಲ ಆಳಿ ನಿವೃತ್ತರಾದ ನಿರ್ದೇಶಕರೇ ದೊಡ್ಡ ಸಾಹೇಬರು. ಅವರ ಆಡಳಿತದ ಕಡತಗಳನ್ನೆಲ್ಲ ನೆಲಮಾಳಿಗೆಯಿಂದ ಮೇಲೆ ತಂದು, ಧೂಳು ಕೊಡವಿ, ಗಾಜಿನ ಕೋಣೆಯಲ್ಲಿ ಮುಂದಿನ ಪೀಳಿಗೆಗಾಗಿ ಕಾಪಾಡುವ ಕೆಲಸ ನಡೆದಿತ್ತು. ಹನಿ ಬಿದ್ದ ಫೈಲಿನಲ್ಲಿ ಇದ್ದದ್ದು, ಸಾಹೇಬರ ಕೋಣೆಯ ಪರದೆ ಕೆನೆ ಬಣ್ಣದ್ದಿರಬೇಕೋ ತಿಳಿ ಹಳದಿಯದ್ದೋ ಎಂಬ ಸುದೀರ್ಘ ಪತ್ರವ್ಯವಹಾರ. ಮುಂದಿನ ಪೀಳಿಗೆ ಅದನ್ನು ಓದದೆ ಹೇಗೆ ಬದುಕೀತು?

“ಇವತ್ತಿಗೆ ನಿನ್ನ ಕೆಲಸ ಮುಗೀತು. ಮಾಸ್ಕು ಬಿಚ್ಚಿಟ್ಟು ಹೋಗು.”

“ಸಾರ್, ಬೇಕಂತ ಕೆಮ್ಮಿದ್ದಲ್ಲ ಸಾರ್ ಅವಳು,” ಎಂದಳು ತಂಗಿ, ಪಕ್ಕದ ಮೇಜಿನಿಂದ.

“ನಿಯಮ ಅಂದ್ರೆ ಎಲ್ಲರಿಗೂ ಒಂದೇ. ನಿನಗೂ ಬೇಕೇನು ರಜ, ಪರ್ಮನೆಂಟಾಗಿ?”

ಕೆಲಸ ಪರ್ಮನೆಂಟ್ ಆಗಲೆಂದು ಕೂದಲು ಬೆಳ್ಳಗಾಗುವವರೆಗೆ ಕಾದ ಅಕ್ಕನಿಗೆ ಕೊನೆಗೂ ಪರ್ಮನೆಂಟಾಗಿ ಸಿಕ್ಕಿದ್ದು ಅದೊಂದೇ. ಮಾಸ್ಕನ್ನು ಗಾಜಿನ ಕೋಣೆಯ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿ ಹೋದಳು.

ಆ ಮಾಸ್ಕಿಗೂ ಒಂದು ಚರಿತ್ರೆಯಿತ್ತು. ದೊಡ್ಡ ಸಾಹೇಬರ ಕಾಲದಲ್ಲಿ ನೆಲಮಾಳಿಗೆಗೆ ಗೆದ್ದಲು ಬಂತು. ಕಿಟಕಿಯೇ ಇಲ್ಲದ ಆ ಗುಹೆಯಲ್ಲಿ ಗೆದ್ದಲು ಕೊಲ್ಲುವ ಬಿಳಿ ಪುಡಿ ಎರಚುವ ಕೆಲಸ ಅಕ್ಕನದಾಯಿತು. ಬರಿಗೈಯಲ್ಲಿ ಎರಚಿದಳು, ಮೂಗಿಗೆ ಹಳೇ ಬಟ್ಟೆ ಕಟ್ಟಿಕೊಂಡು. ಮೂಗಿಗೇನಾದರೂ ಕೊಡಿ ಎಂದು ಕೇಳಲು ಹೋದಾಗ ತಂಗಿಯೂ ಜೊತೆಗಿದ್ದಳು. ಸಾಹೇಬರು ಪರದೆಯ ನೆರಿಗೆ ಸರಿಮಾಡುತ್ತಲೇ ಹೇಳಿದ್ದರು: “ಗೆದ್ದಲೇ ಅಷ್ಟು ಸುಲಭಕ್ಕೆ ಸಾಯಲ್ಲ ಕಣಮ್ಮ, ನಿನಗೇನಾಗುತ್ತೆ?”

ಗೆದ್ದಲು ಸತ್ತಿತು. ಅಕ್ಕ ಕೆಮ್ಮತೊಡಗಿದಳು.

ಈಗ ಮಾಸ್ಕೂ ಬಂದಿತ್ತು, ಗ್ಲೌಸೂ ಬಂದಿತ್ತು. ಹಂಚಿದ ದಿನ ಹೆಂಗಸರು ಹಿಗ್ಗಿದ್ದನ್ನು ಕಂಡು ಅಧಿಕಾರಿಯೇ ಬಿಡಿಸಿ ಹೇಳಿದ್ದ: “ನಿಮಗೋಸ್ಕರ ಅಂದ್ಕೊಬೇಡಿ. ನಿಮ್ಮ ಉಸಿರಲ್ಲಿ ತೇವ ಇರುತ್ತೆ, ಕೈಯಲ್ಲಿ ಬೆವರು. ಕಾಗದದ ಆರೋಗ್ಯಕ್ಕೆ ಒಳ್ಳೇದಲ್ಲ. ಸಂಜೆ ಒಗೆದು ವಾಪಸ್ ಕೊಡ್ಬೇಕು.”

ಊಟದ ಹೊತ್ತಿಗೆ ಮೆಟ್ಟಿಲ ಕೆಳಗಿನ ಇಕ್ಕಟ್ಟಿನಲ್ಲಿ ತಂಗಿ ಅದೇ ಮಾತನ್ನು ಅದೇ ಧ್ವನಿಯಲ್ಲಿ ಆಡಿ ತೋರಿಸುತ್ತಿದ್ದಳು. ಅವಳಿಗೆ ಹೆಂಗಸರಿಟ್ಟ ಹೆಸರೇ ಟೇಪ್‌ರೆಕಾರ್ಡರ್. ಒಮ್ಮೆ ಅವಳು ಗೋಡೆಯಾಚೆಯಿಂದ ಅಧಿಕಾರಿಯ ಧ್ವನಿಯಲ್ಲಿ “ಟೀ ಎಲ್ಲಿ?” ಎಂದದ್ದಕ್ಕೆ ಜವಾನ ಮೇಲಿನವರೆಗೂ ಟೀ ಹೊತ್ತು ಓಡಿದ್ದ. ಅಕ್ಕನ ಕೆಲಸ ಹೋದ ದಿನ ಮಾತ್ರ ಯಾರೂ ನಗಲಿಲ್ಲ.

“ನಾಡಿದ್ದು ಉದ್ಘಾಟನೆಗೆ ದೊಡ್ಡ ಸಾಹೇಬ್ರೇ ಬರ್ತಾರೆ,” ಎಂದಳು, ಮನೆಗೆ ಹೋಗದೆ ಅಲ್ಲೇ ಕೂತಿದ್ದ ಅಕ್ಕನಿಗೆ. “ಫೈಲು ಎತ್ತಿಕೊಡೋಕೆ ನನ್ನೇ ಹಾಕಿದ್ದಾರೆ. ಅವರನ್ನೇ ಕೇಳ್ತೀನಿ. ಅವರ ಪುಡಿ, ಅವರ ಕೆಮ್ಮು. ನೀನು ಮೆಟ್ಟಿಲ ಹತ್ರ ಕೂತಿರು.”

“ಬೇಡ ಕಣೇ. ನಿನ್ನ ಕೆಲಸಾನೂ ಹೋದ್ರೆ ಇಬ್ಬರೂ ಏನು ಗಾಳಿ ತಿನ್ನೋಣ್ವಾ?”

“ಗಾಳಿ ಎಲ್ಲೇ ಇದೆ ನಿನ್ ಹತ್ರ?”

ಅಕ್ಕ ನಗಲು ಹೋಗಿ ಕೆಮ್ಮಿದಳು.

ದೊಡ್ಡ ಸಾಹೇಬರು ಬಂದರು. ಗಾಜಿನ ಕೋಣೆಯ ತುಂಬ ಕೋಟುಗಳು. ಅತಿಥಿಗಳಿಗೆ ಮಾಸ್ಕಿನ ಮಾತೇ ಇರಲಿಲ್ಲ; ದೊಡ್ಡವರ ಉಸಿರಿನಲ್ಲಿ ತೇವ ಇರುವುದಿಲ್ಲವಂತೆ. ಸಾಹೇಬರು ಮಾತಾಡಿದರು: ನಾನು ಕಟ್ಟಿದೆ, ನಾನು ಬೆಳೆಸಿದೆ, ನಾನು ಬೆಳಗಿದೆ. ಒಂದೊಂದು ‘ನಾನು’ವಿಗೂ ಎದುರಿನ ಫೈಲಿಗೆ ಎಂಜಲಿನ ಪ್ರೋಕ್ಷಣೆ ಆಗುತ್ತಿತ್ತು. ಅಧಿಕಾರಿ ಮಗುವಿನ ತೊದಲು ಕೇಳುವ ತಾಯಿಯಂತೆ ನಗುತ್ತಿದ್ದ.

ತಂಗಿ ಮುಂದಿನ ಫೈಲು ಇಡುತ್ತಾ ಬಗ್ಗಿ ಹೇಳಿದಳು, “ಸಾರ್, ನಮ್ಮಕ್ಕ... ನಿಮ್ಮ ಕಾಲದಲ್ಲಿ ಕೆಳಗೆ ಪುಡಿ ಎರಚ್ತಿದ್ದೋಳು. ಕೆಮ್ಮಿದ್ಲು ಅಂತ ಕೆಲಸದಿಂದ ತೆಗೆದ್ರು, ಸಾರ್. ನೀವೊಂದು ಮಾತು...”

“ಯಾವ ಅಕ್ಕ?” ಸಾಹೇಬರು ಸಭೆಯ ಕಡೆ ತಿರುಗಿದರು. “ನೋಡಿ, ಅಕ್ಕ ಅಂತೆ! ಅದಕ್ಕೇ ನಾನು ಯಾವಾಗಲೂ ಹೇಳೋದು, ನಮ್ಮ ಗ್ರಂಥಾಲಯ ಒಂದು ಕುಟುಂಬ!”

ಚಪ್ಪಾಳೆ ಬಿತ್ತು. ಹೊರಗೆ ಮೆಟ್ಟಿಲ ಬಳಿ ಯಾರೋ ಕೆಮ್ಮಿದ್ದು ಚಪ್ಪಾಳೆಯ ನಡುವೆ ತಂಗಿಯೊಬ್ಬಳಿಗೇ ಕೇಳಿತು.

ಸಾಹೇಬರು ಪುಟ ಮಗುಚಲು ಬೆರಳನ್ನು ನಾಲಿಗೆಗೆ ಒತ್ತಿದರು. ಮಗುಚಿದರು. ಮತ್ತೆ ನಾಲಿಗೆ, ಮತ್ತೆ ಪುಟ. ಹೊಲಿಗೆಯ ಸಂದಿಯಲ್ಲಿ ಎಷ್ಟು ಕೊಡವಿದರೂ ಹೋಗದೆ ಕೂತಿದ್ದ ಬಿಳಿ ಪುಡಿ ಸಣ್ಣಗೆ ಮೇಲೆದ್ದಿತು. ಸಾಹೇಬರಿಗೆ ಗಂಟಲು ಕೆರೆಯಿತು. ಒಂದು ಕೆಮ್ಮು, ಎರಡು, ಆಮೇಲೆ ಲೆಕ್ಕಕ್ಕೆ ಸಿಗದಷ್ಟು. ಪರದೆಯ ಪತ್ರವ್ಯವಹಾರ ಒದ್ದೆಯಾಯಿತು.

“ನೀರು! ಸಾಹೇಬ್ರಿಗೆ ನೀರು ತನ್ರೋ!” ಅಧಿಕಾರಿ ಬಾಗಿಲ ಕಡೆ ತಿರುಗಿದ.

ಅವನ ಬೆನ್ನ ಹಿಂದಿನಿಂದ ಅವನದೇ ಧ್ವನಿ ಗಾಜು ನಡುಗುವಂತೆ ಬಂತು:

“ಕೆಮ್ಮೋದಾದ್ರೆ ಆಚೆ ಹೋಗಿ ಕೆಮ್ಮಿ ಸಾಯಿ! ಇದೇನು ನಿಮ್ಮಪ್ಪನ ಮನೆ ಕಕ್ಕಸು ಅಂದ್ಕೊಂಡ್ಯಾ?”

ಕೋಟುಗಳೆಲ್ಲ ಅಧಿಕಾರಿಯ ಕಡೆ ತಿರುಗಿದವು. ದೊಡ್ಡ ಸಾಹೇಬರು ನೀರು ತುಂಬಿದ ಕಣ್ಣಿನಲ್ಲೇ, “ಏನ್ರೀ ಅಂದ್ರಿ?” ಎಂದರು.

“ನಾನಲ್ಲ ಸಾರ್! ಅಯ್ಯೋ, ನನ್ನ ಬಾಯಿಗೆ ಹುಳ ಬೀಳ್ಲಿ ಸಾರ್... ಇವಳು... ಈ ಮುಂಡೆ...”

“ನಿಯಮ ಅಂದ್ರೆ ಎಲ್ಲರಿಗೂ ಒಂದೇ,” ಎಂದಿತು ಮತ್ತೆ ಅವನದೇ ಧ್ವನಿ. ಈ ಸಲ ತಂಗಿ ತನ್ನ ಮಾಸ್ಕು ಕಿತ್ತೆಸೆದಿದ್ದಳು. ಆಡುತ್ತಿದ್ದ ತುಟಿ ಎಲ್ಲರಿಗೂ ಕಂಡಿತು.

ಅವಳು ಅವಸರ ಮಾಡಲಿಲ್ಲ. ಮೊಳೆಯಿಂದ ಅಕ್ಕನ ಮಾಸ್ಕು ತೆಗೆದಳು. ಒಳಮೈಯಲ್ಲಿ ಕಂದು ಕಲೆಗಳಿದ್ದವು. ಅದನ್ನು ದೊಡ್ಡ ಸಾಹೇಬರ ಮುಂದೆ ಹಿಡಿದಳು. ಜೀವಮಾನವೆಲ್ಲ ಸನ್ಮಾನಗಳಿಗೆ ಚಾಚಿ ಪಳಗಿದ ಅವರ ಎರಡೂ ಕೈ, ಉಸಿರಿಗಾಗಿ ಬಾಯಿ ಬಿಟ್ಟುಕೊಂಡಿದ್ದ ಆ ಸ್ಥಿತಿಯಲ್ಲೂ, ತಾವಾಗಿಯೇ ಮುಂದೆ ಬಂದು ಅದನ್ನು ಇಸಕೊಂಡವು.

“ಕಟ್ಕೊಳ್ಳಿ,” ಎಂದಳು ತಂಗಿ, ಈಗ ತನ್ನದೇ ಧ್ವನಿಯಲ್ಲಿ. “ಸಂಜೆ ಒಗೆದು ವಾಪಸ್ ಕೊಡ್ಬೇಕು.”