ಟ್ಯಾಬ್ಲೆಟ್ ತೋರಿಸಿದ ಅಂಗಡಿ

ಬೆಳಗಿನಿಂದ ಟೈಲರಕ್ಕನಿಗೆ ಕೈಕಾಲೇ ಆಡುತ್ತಿರಲಿಲ್ಲ. ಎರಡು ವರ್ಷದಿಂದ ಮಾತು ಬಿಟ್ಟಿದ್ದ ತಂಗಿ ಇವತ್ತು ಸಂಜೆ ಬರುತ್ತೇನೆ ಎಂದು ಮೆಸೇಜ್ ಮಾಡಿದ್ದಳು. ಜಗಳವಾದರೂ ಎಂಥದ್ದು? ಕಿಟಕಿ ಪಕ್ಕದ ಹೊಲಿಗೆ ಮಿಷನ್ ಯಾರದು ಅಂತ. ಬೆಳಕು ಚೆನ್ನಾಗಿ ಬೀಳುವ ಜಾಗ, ದೊಡ್ಡವಳೆಂದು ಅಕ್ಕ ಬಿಟ್ಟುಕೊಡಲಿಲ್ಲ. ತಂಗಿ ತನ್ನ ಕತ್ತರಿ ಎತ್ತಿಕೊಂಡು ಹೋದವಳು ಹೋದಳೇ. ಆಮೇಲೆ ಅಕ್ಕ ಅಂಗಡಿಯನ್ನು ಊರಿನ ಇನ್ನೊಂದು ತುದಿಗೆ ಬದಲಾಯಿಸಿದಳು. ಹೊಸದರಲ್ಲಿ ಎರಡು ಕಿಟಕಿ. ಎರಡನೆಯದರ ಕೆಳಗಿನ ಮಿಷನ್‌ಗೆ ದಿನಾ ಎಣ್ಣೆ ಬಿಡುತ್ತಾಳೆ, ಹೊಲಿಯುವವರಿಲ್ಲ.

ಫೋನ್ ಮಾಡಿದರೆ ತಂಗಿ ಎತ್ತುತ್ತಿರಲಿಲ್ಲ. ಅದಕ್ಕೇ ಗಿರಾಕಿಗಳಿಗೆ ಡಿಸೈನ್ ತೋರಿಸಲು ಕೊಂಡ ಟ್ಯಾಬ್ಲೆಟ್‌ನಿಂದ 'ಇಲ್ಲಿದ್ದೀನಿ, ಬಾ' ಎಂದು ಬರೆದು ಲೊಕೇಶನ್ ಕಳಿಸಿದ್ದಳು. ವಿಳಾಸ ಬರೆಯುವ ಗೋಜಿಗೇ ಹೋಗಲಿಲ್ಲ.

ಸಂಜೆಯಾಯಿತು. ತಂಗಿಯ ಸುಳಿವಿಲ್ಲ. ಇಂಟರ್ನೆಟ್ ಕೇಬಲ್ ಎಳೆಯುವ ಗಂಡ ಕೆಲಸ ಮುಗಿಸಿ ಬಂದವನು ಟ್ಯಾಬ್ಲೆಟ್ ನೋಡಿದ.

"ಏನೇ ಇದು, ಮ್ಯಾಪ್‌ನಲ್ಲಿ ನಮ್ಮ ಚುಕ್ಕಿ ಹಳೆ ಅಂಗಡಿ ಮೇಲೆ ಕೂತಿದೆ?"

"ಅದ್ಹೇಗೆ? ಉಪಗ್ರಹ ನೋಡಿ ಹೇಳುತ್ತಲ್ಲ?"

"ಉಪಗ್ರಹದ ಸಿಗ್ನಲ್ ಹಿಡಿಯೋ ಚಿಪ್ಪೇ ಇದರಲ್ಲಿಲ್ಲ. ಸಿಮ್ ಹಾಕೋ ಮಾಡೆಲ್‌ನಲ್ಲಿತ್ತು, ಕೊಳ್ಳುವಾಗಲೇ ಬಡ್ಕೊಂಡೆ. ಇದು ಸುತ್ತಮುತ್ತ ಯಾವ ವೈಫೈ ಡಬ್ಬಿ ಇದೆ ಅಂತ ನೋಡಿ ಊಹೆ ಮಾಡುತ್ತೆ ಅಷ್ಟೆ. ನಮ್ಮ ಡಬ್ಬಿ ವರ್ಷಗಟ್ಟಲೆ ಅಲ್ಲಿತ್ತಲ್ಲ, ಈಗಲೂ ಅಲ್ಲೇ ಇದೆ ಅಂದ್ಕೊಂಡಿದೆ."

ಚೆನ್ನಾಗಿರೋದನ್ನ ಬಿಸಾಡೋದ್ಯಾಕೆ ಅಂತ ಅಂಗಡಿ ಬದಲಾಯಿಸುವಾಗ ಆ ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಹೊಸ ಜಾಗಕ್ಕೆ ಹೊತ್ತು ತಂದವಳು ಇವಳೇ. ಕರೆದು ಮಂಗ ಮಾಡಿದಳು ಅಂತ ತಂಗಿ ಇನ್ನು ಈ ಜನ್ಮದಲ್ಲಿ ಮುಖ ನೋಡುವುದಿಲ್ಲ. ಕೊರಳಿನ ಅಳತೆ ಟೇಪನ್ನೂ ತೆಗೆಯದೆ ಗಂಡನ ಸೈಕಲ್ ಹತ್ತಿದಳು.

ಹಳೆ ಅಂಗಡಿಗೆ ಬೀಗ ಬಿದ್ದಿತ್ತು. ಮೆಟ್ಟಿಲ ಮೇಲೆ ತಂಗಿ ಕೂತಿದ್ದಳು, ತೊಡೆಯ ಮೇಲೆ ಅದೇ ಕತ್ತರಿ. ಅತ್ತು ಕಣ್ಣು ಕೆಂಪಾಗಿತ್ತು.

"ಬೀಗ ನೋಡಿ ಮೊದಲು ಸಿಟ್ಟು ನೆತ್ತಿಗೇರಿತ್ತು," ಎಂದಳು ತಂಗಿ. "ಅಂಗಡಿ ಬದಲಾಯಿಸಿದ್ದೀಯ ಅಂತ ಕೇಳಿದ್ದೆ, ಆಮೇಲೆ ಹೊಳೀತಕ್ಕ. ಜಗಳ ಆಡಿದ ಜಾಗದಲ್ಲೇ ಜಗಳ ಮುಗಿಸೋಣ ಅಂತ ಕರೆದಿದ್ದೀಯ. ನೀನು ಅಷ್ಟೆಲ್ಲ ಯೋಚನೆ ಮಾಡ್ತೀಯ ಅಂತ ನಂಗೆ ಗೊತ್ತಿರ್ಲಿಲ್ಲ."

ಹೂಂ ಅಂದುಬಿಟ್ಟಿದ್ದರೆ ಆಗುತ್ತಿತ್ತು. ಪುಕ್ಕಟೆ ಸಿಕ್ಕ ಒಳ್ಳೇ ಹೆಸರು, ಯಾರು ಬಿಡುತ್ತಾರೆ? ಆದರೆ ಅಕ್ಕನಿಗೆ ಹಾಗನ್ನಲು ಬಾಯಿ ಬರಲಿಲ್ಲ.

"ಇಲ್ಲ ಕಣೆ. ನಾವೆಲ್ಲಿದ್ದೀವಿ ಅಂತ ಆ ಟ್ಯಾಬ್ಲೆಟ್‌ಗೇ ಗೊತ್ತಿಲ್ಲ, ತಪ್ಪು ಜಾಗ ತೋರಿಸಿಬಿಡ್ತು. ನಾನು ಹೊಸ ಅಂಗಡಿಗೇ ಕರೆದಿದ್ದು. ಅಲ್ಲಿ ನಿಂಗೊಂದು ಕಿಟಕಿ ಇಟ್ಟಿದ್ದೀನಿ. ಅದನ್ನ ಮಾತ್ರ ನಾನೇ ಯೋಚಿಸಿದ್ದು."

ತಂಗಿ ಮೂಗು ಒರೆಸಿಕೊಂಡು ನಕ್ಕಳು, ಎದ್ದು ಕತ್ತರಿಯನ್ನು ಸೈಕಲ್ ಬುಟ್ಟಿಗೆ ಹಾಕಿದಳು.

"ನಡಿ, ಬೆಳಕು ಹೋಗೋದ್ರೊಳಗೆ ನೋಡೋಣ. ದಾರಿ ಮಾತ್ರ ನೀನೇ ತೋರ್ಸು."