ಅತ್ತೆಯ ವಿಚಾರಣೆ ಕೌಂಟರ್

ನಮ್ಮ ಅತ್ತೆಗೆ ಯಾರಿಗೂ ಇಲ್ಲ ಎನ್ನಲು ಬರುವುದಿಲ್ಲ. ಅದು ಕೆಲಸದಿಂದ ಅಂಟಿದ ಗುಣ. ನಿವೃತ್ತಿಯಾಗುವವರೆಗೂ ಅವರು ರೈಲು ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೂತಿದ್ದವರು. ಗಾಜಿನ ಆಚೆಯಿಂದ ಯಾರು ಏನೇ ಕೇಳಲಿ, ಉತ್ತರ ಕೊಡದೆ ಕಳಿಸಿದವರಲ್ಲ. ಯಾರೋ ಒಬ್ಬ ಮದುವೆಯಾಗಲೋ ಬೇಡವೋ ಎಂದು ಕೇಳಿದ್ದನಂತೆ. ಅವನ ಗಾಡಿ ಬರುವಷ್ಟರಲ್ಲಿ ಅದನ್ನೂ ತೀರ್ಮಾನಿಸಿ ಕಳಿಸಿದ್ದರು. ಅತ್ತೆ ಸೊಸೆ ಎಂದರೆ ಎಣ್ಣೆ ಸೀಗೆಕಾಯಿ ಎನ್ನುವವರು ಒಮ್ಮೆ ನಮ್ಮ ಮನೆಗೆ ಬರಬೇಕು. ನನಗೆ ಅವರೆಂದರೆ ಪ್ರಾಣ.

ಅಂಥವರ ಕೈಗೆ ನನ್ನ ಲ್ಯಾಪ್‌ಟಾಪ್ ಕೊಟ್ಟವಳು ನಾನೇ. ಕಾರಣ ಡ್ರೈವರ್ ಸಾಹೇಬರು. ಅತ್ತೆ ಕೆಲಸದಲ್ಲಿದ್ದಾಗ ಅವರು ಎಂಜಿನ್ ಓಡಿಸುತ್ತಿದ್ದರು. ಈಚೆಗೆ ಪಾರ್ಶ್ವವಾಯು ಬಡಿದು ಮಾತು ಹೋಯಿತು. ಅವರಿರುವುದು ಬೇರೆ ಊರು, ಫೋನಿನಲ್ಲಿ ಹರಟುವಂತಿಲ್ಲ. ಅವರ ಸೊಸೆಯೂ ನಾನೂ ಸೇರಿ ಇಬ್ಬರನ್ನೂ ಒಂದು ಚೆಸ್ ಸೈಟಿಗೆ ಹಚ್ಚಿದೆವು. ಮಧ್ಯಾಹ್ನ ಊಟ ಮುಗಿಸಿ ಅತ್ತೆ ಕನ್ನಡಕ ಒರೆಸಿಕೊಂಡು ಕೂತರೆ ಸಂಜೆಯ ಚಹಾದವರೆಗೂ ಆಟ.

"ಎಂಜಿನ್‌ನ ಎಷ್ಟು ಹುಷಾರಾಗಿ ಓಡಿಸ್ತಿದ್ರೋ, ಕುದುರೆನ ಅಷ್ಟೇ ಅಡ್ಡಾದಿಡ್ಡಿ ಓಡಿಸ್ತಾರೆ ಕಣೇ ಈ ಮನುಷ್ಯ!" ಎಂದು ನಗುತ್ತಿದ್ದರು. ಆ ನಗು ಕೇಳಲೆಂದೇ ನಾನು ಲ್ಯಾಬಿನ ಕೆಲಸ ಮುಗಿಸಿ ಬೇಗ ಬರುತ್ತಿದ್ದುದುಂಟು.

ಗ್ರಹಚಾರ ಶುರುವಾದದ್ದು ಅತ್ತೆಯ ಮರ್ಯಾದೆಯಿಂದ. ಆಟದ ಉಪಾಯ ಹುಡುಕಿಕೊಂಡು ಸೈಟಿನಿಂದ ಸೈಟಿಗೆ ಹೋಗುವಾಗ ನಡುವೆ ಚೌಕಗಳು ಏಳುತ್ತವಲ್ಲ, ನಿಮಗೆ ಸಂದೇಶ ಕಳಿಸಬಹುದೇ, ಇದನ್ನು ಹಾಕಿಕೊಳ್ಳುವಿರಾ ಎಂದು, ಅತ್ತೆ ಎಲ್ಲಕ್ಕೂ ಹೌದು ಒತ್ತುತ್ತಿದ್ದರು. ಮೂಲೆಯ ಗುರುತು ಒತ್ತಿ ಮುಚ್ಚಿಬಿಡಿ ಎಂದರೆ, "ಮುಖದ ಮೇಲೇ ಕಿಟಕಿ ಹಾಕಿದ ಹಾಗಾಗಲ್ವಾ?" ಎನ್ನುತ್ತಿದ್ದರು.

ಒಂದು ದಿನ ನಾನು ಬಂದಾಗ ಅತ್ತೆ ಫೋನಿನಲ್ಲಿ ಯಾರಿಗೋ ಕೆಮ್ಮಿಗೆ ಬಿಸಿನೀರು ಕುಡಿ ಎಂದು ಬುದ್ಧಿ ಹೇಳುತ್ತಿದ್ದರು. ಲ್ಯಾಪ್‌ಟಾಪಿನ ಪರದೆಯ ಮೇಲೆ ಬಾಣದ ಗುರುತು ತಾನೇ ತಾನಾಗಿ ಓಡಾಡುತ್ತ ನನ್ನ ಫೈಲುಗಳನ್ನು ತೆರೆಯುತ್ತಿತ್ತು.

"ಯಾರತ್ತೆ ಅದು?"

"ಕಂಪ್ಯೂಟರ್ ಕಂಪನಿ ಹುಡುಗ. ವೈರಸ್ ಬಂದಿದೆ, ಈ ನಂಬರ್‌ಗೆ ಫೋನ್ ಮಾಡಿ ಅಂತ ಕೆಂಪಕ್ಷರದಲ್ಲಿ ಬಂತು. ಅವನು ಹೇಳಿದ್ದೇನೋ ಹಾಕ್ಕೊಂಡೆ, ಅಲ್ಲಿಂದಾನೇ ಸರಿ ಮಾಡ್ತಿದಾನೆ. ಪಾಪ, ಕೆಮ್ಮು ಜಾಸ್ತಿ."

ಓಡಿಹೋಗಿ ವೈಫೈ ಡಬ್ಬದ ವೈರು ಕಿತ್ತೆಸೆದೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ.

"ಪಾಪ ಅಲ್ಲ ಅವನು, ಕಳ್ಳ! ಇನ್ಮೇಲೆ ನೀವಿದನ್ನ ಮುಟ್ಟಲೇಬೇಡಿ!"

ಅತ್ತೆ ಫೋನ್ ಕೆಳಗಿಟ್ಟು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡರು.

ರಿಪೇರಿಯವನು ಎಲ್ಲ ಅಳಿಸಿ ಹೊಸದಾಗಿ ಮಾಡಿಕೊಟ್ಟ. ಒಳಗೊಂದು ಗೂಢಚಾರ ತಂತ್ರಾಂಶ ಕೂತಿತ್ತಂತೆ. ನಾವು ಒತ್ತುವ ಅಕ್ಷರವೆಲ್ಲ ಆ ಕೆಮ್ಮಿನವನಿಗೆ ಹೋಗುತ್ತಿತ್ತು. ನಾನು ಪಾಸ್‌ವರ್ಡುಗಳನ್ನೆಲ್ಲ ಬದಲಿಸಿದೆ. ಲ್ಯಾಪ್‌ಟಾಪ್ ಮತ್ತೆ ಮೇಜಿಗೆ ಬಂತು, ಅತ್ತೆ ಮಾತ್ರ ಅದರ ಹತ್ತಿರ ಸುಳಿಯಲಿಲ್ಲ. ಊಟವಾದ ಮೇಲೆ ಗೋಡೆ ನೋಡುತ್ತ ಕೂರತೊಡಗಿದರು.

"ನನ್ನಿಂದ ನಿನಗೆ ತಾಪತ್ರಯ ಬೇಡ. ಸಾಹೇಬ್ರಿಗೆ ಆಡೋಕೆ ಬೇರೆ ಯಾರಾದ್ರೂ ಸಿಗ್ತಾರೆ ಬಿಡು" ಎಂದರು. ತೊಳೆಯುತ್ತಿದ್ದ ಪಾತ್ರೆ ಅಲ್ಲಿಗೇ ಬಿಟ್ಟು ಪಕ್ಕದಲ್ಲಿ ಕೂತೆ.

"ಅತ್ತೆ, ಸ್ಟೇಷನ್ನಲ್ಲಿ ಜನ ನಿಮ್ಮನ್ನ ಕೇಳೋಕೆ ಬರ್ತಿದ್ರು. ಇಂಟರ್ನೆಟ್‌ನಲ್ಲಿ ಕೇಳೋಕೆ ಹೋಗೋರು ಯಾರು?"

"ನಾನು."

"ಹಾಗಾದ್ರೆ ನೀವು ಗಾಜಿನ ಯಾವ ಕಡೆ ಇದ್ದೀರಿ?"

ಅತ್ತೆಯ ಹುಬ್ಬು ನಿಧಾನವಾಗಿ ಮೇಲೇರಿತು. "ಪ್ಯಾಸೆಂಜರ್ ಕಡೆ! ಅಂದ್ರೆ ಆ ಚೌಕದವರೆಲ್ಲ ಗೇಟಲ್ಲೇ ಬ್ಯಾಗ್ ಕಿತ್ಕೊಂಡು, ಬನ್ನಿ ಟಿಕೆಟ್ ಕೊಡಿಸ್ತೀನಿ ಅನ್ನೋ ದಲ್ಲಾಳಿಗಳು! ಅಯ್ಯೋ, ತಾವಾಗೇ ಬಂದು ಮಾತಾಡಿಸುವವರ ಹಿಂದೆ ಹೋಗಬೇಡಿ, ಕೌಂಟರಿಗೇ ಬಂದು ವಿಚಾರಿಸಿ ಅಂತ ಮೈಕಲ್ಲಿ ಕೂಗಿ ಕೂಗಿ ನನ್ನ ಗಂಟಲು ಹರಿದುಹೋಗಿತ್ತಲ್ಲೇ!"

ಆಗಲೇ ಎದ್ದು ಬಂದು ಕೂತರು. ಚೌಕವೊಂದು ಎದ್ದರೆ "ನಡಿಯಪ್ಪ, ನಡಿ" ಎಂದು ಮುಚ್ಚಿದರು. ಆದರೆ ಚೆಸ್ ಸೈಟಿನಲ್ಲಿ ಸಾಹೇಬರೇ ಇರಲಿಲ್ಲ. ಅತ್ತೆ ಅಂದೂ ಮಾರನೆಯ ದಿನವೂ ಕಾದರು. ಕೊನೆಗೆ ಗೊತ್ತಿಲ್ಲದ ಖಾತೆಯಿಂದ ಒಂದು ಸಂದೇಶ ಬಂತು: 'ನಾನು ಡ್ರೈವರ್. ಹಳೇ ಪಾಸ್‌ವರ್ಡ್ ಮರೆತುಹೋಯಿತು. ಆಟಕ್ಕೆ ಇಲ್ಲಿ ಒತ್ತಿ.'

ಖುಷಿ ತಡೆಯಲಾರದೆ ನಾನೇ ಒತ್ತಲು ಹೋದೆ. ಅತ್ತೆ ನನ್ನ ಕೈಗೆ ಪಟ್ಟನೆ ಒಂದು ಕೊಟ್ಟರು.

"ದಲ್ಲಾಳಿನೂ ಡ್ರೈವರ್ ಟೋಪಿ ಹಾಕ್ಕೊಂಡು ಬರಬಹುದು. ಮೊದಲು ವಿಚಾರಿಸೋಣ."

ಸಾಹೇಬರ ಹಳೆಯ ನಂಬರಿಗೆ ತಾವೇ ಫೋನ್ ಮಾಡಿ ಸ್ಪೀಕರ್ ಹಾಕಿದರು. ಆ ಕಡೆ ಫೋನ್ ಎತ್ತಿದ ಸದ್ದಾಯಿತು. ಮಾತಿಲ್ಲ, ಬರೀ ಉಸಿರು. ಅವರ ಸೊಸೆ ಮನೆಯಲ್ಲಿರಲಿಲ್ಲವೇನೋ.

"ಸಾಹೇಬ್ರೇ, ಆ ಮೆಸೇಜ್ ನೀವೇ ಕಳಿಸಿದ್ದಾದ್ರೆ, ನನ್ನ ಕಿಟಕಿ ಮುಂದೆ ಹಾದುಹೋಗುವಾಗ ಹೇಗೆ ಹಾರ್ನ್ ಹೊಡೀತಿದ್ರಿ? ಅದನ್ನ ಬಡಿದು ತೋರಿಸಿ."

ಆ ಕಡೆ ಮೇಜಿನ ಮೇಲೆ ಬೆರಳಿನ ಸದ್ದು. ಟಕ್, ಟಕ್. ಹಿಂದೆಯೇ ಉಗುರಿನಿಂದ ಎಳೆದ ಉದ್ದನೆಯದೊಂದು ಗೀರು.

ಅತ್ತೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಅವರೇ ಕಣೇ. ಒತ್ತು ಈಗ" ಎಂದು ನನಗೆ ಹೇಳಿ, ಫೋನಿನತ್ತ ಬಾಗಿ, ಸ್ಟೇಷನ್ನಿನ ಹಳೆಯ ದನಿ ತೆಗೆದರು.

"ಗಾಡಿ ತಡವಾಗಿದ್ದಕ್ಕೆ ವಿಷಾದಿಸುತ್ತೇವೆ, ಸಾಹೇಬ್ರೇ. ನಿಮ್ಮ ಕುದುರೆ ಬಿಡಿ."